ಎರಡರಲ್ಲಿ ಒಂದು ಮಾರುವುದಿದೆ

"ಎತ್ತಿ ನೋಡಿ. ಯಾವುದು ನಿಮ್ಮದು ಅಂತ ಕೈಯೇ ಹೇಳುತ್ತೆ," ಎಂದಳು ಫೋಟೋಗ್ರಾಫರ್, ಸ್ಟುಡಿಯೋ ಮೇಜಿನ ಮೇಲಿನ ಎರಡು ಕ್ಯಾಮೆರಾ ತೋರಿಸಿ.

ಚಿಕ್ಕಮ್ಮ ಮೊದಲು ದೊಡ್ಡ ಕ್ಯಾಮೆರಾ ಎತ್ತಿದರು. ಫುಲ್ ಫ್ರೇಮ್ ಮಿರರ್‌ಲೆಸ್ ಅನ್ನುವ ದುಬಾರಿ ಜಾತಿ, ಮುಂದೆ ಲೋಟದಷ್ಟು ದಪ್ಪದ ಲೆನ್ಸು. ಮಣಿಕಟ್ಟು ಒಂದೇ ನಿಮಿಷಕ್ಕೆ ತಕರಾರು ತೆಗೆಯಿತು. ಅದನ್ನು ಹುಷಾರಾಗಿ ಕೆಳಗಿಟ್ಟು ಚಿಕ್ಕದನ್ನು ತೆಗೆದುಕೊಂಡರು. ಅದು ಅಂಗೈಯಲ್ಲೇ ಅಡಗಿಹೋಯಿತು. ಬೆರಳು ಮಡಚಿದರೆ ಕೈಯಲ್ಲಿ ಏನಿದೆ ಎಂದು ಎದುರಿಗಿದ್ದವರಿಗೂ ತಿಳಿಯುವಂತಿರಲಿಲ್ಲ.

"ಎರಡರಲ್ಲಿ ಒಂದು ಮಾರುವುದಿದೆ ಅಂತ ಜಾಹೀರಾತು ಹಾಕಿದ್ದೀರಿ. ಯಾವುದು ಅಂತ ಹಾಕಿಲ್ಲ," ಎಂದರು ಚಿಕ್ಕಮ್ಮ.

"ಗೊತ್ತಿದ್ರೆ ಹಾಕ್ತಿದ್ದೆ." ಆಕೆ ನಕ್ಕಳು. "ಮೂರು ತಿಂಗಳಿಂದ ಮೀನಮೇಷ ಎಣಿಸ್ತಿದ್ದೀನಿ. ಬಂದವರು ಯಾವುದು ಕೇಳ್ತಾರೋ ಅದು ಅವರದು, ಉಳಿದದ್ದು ನನ್ನದು ಅಂತ ಕೊನೆಗೆ ತೀರ್ಮಾನ ಮಾಡಿಬಿಟ್ಟೆ."

ಚಿಕ್ಕಮ್ಮ ಬಂದದ್ದು ಕೊಳ್ಳುವುದಕ್ಕಲ್ಲ. ಇಪ್ಪತ್ತೆರಡು ವರ್ಷ ವಿಮಾ ಕಂಪನಿಯಲ್ಲಿ ಸುಟ್ಟ ಗೋದಾಮು, ಜಜ್ಜಿದ ಕಾರುಗಳ ತನಿಖೆ ಮಾಡಿ, ನಿವೃತ್ತಿಯಾದ ಮೇಲೆ ಜನರ ಕಷ್ಟಗಳ ಮೂಲ ಪತ್ತೆ ಹಚ್ಚುತ್ತಿದ್ದ ಅವರನ್ನು ಬೀದಿಯೆಲ್ಲ ಚಿಕ್ಕಮ್ಮ ಎಂದೇ ಕರೆಯುತ್ತಿತ್ತು. ಈ ಸಲದ ಕಷ್ಟ ಕೆಳಗೆ, ಬೀಗ ರಿಪೇರಿ ಅಂಗಡಿಯ ಮುಂದಿನ ಬೆಂಚಿನ ಮೇಲೆ, ಸೆರಗಿನ ತುದಿ ತಿರುಚುತ್ತ ಕೂತಿತ್ತು. ಅವಳು ಟೈಲರ್. ಒಂಬತ್ತು ದಿನದ ಹಿಂದೆ ಅವಳ ಅಂಗಡಿಗೆ ಕಳಿಸಿದವರ ಹೆಸರಿಲ್ಲದ ಒಂದು ಲಕೋಟೆ ಬಂದಿತ್ತು. ಒಳಗೆ ಆಗತಾನೆ ಹುಟ್ಟಿದ ಮಗುವಿನ ಫೋಟೋ, ಹಿಂಬದಿಯಲ್ಲಿ ಆರು ವರ್ಷ ಹಳೆಯ ತಾರೀಖು. ಅವಳಿಗೆ ಹೆರಿಗೆಯಾದ ದಿನ ಅದು. ಹೆಣ್ಣು ಮಗು, ಹುಟ್ಟುವಾಗಲೇ ಉಸಿರಿರಲಿಲ್ಲ ಎಂದಷ್ಟೇ ಹೇಳಿ, ಮುಖ ಕೂಡ ತೋರಿಸದೆ ಅವಳನ್ನು ಮನೆಗೆ ಕಳಿಸಿದ ದಿನ.

"ನಾನು ಮೇಲೆ ಬರಲ್ಲ ಚಿಕ್ಕಮ್ಮ," ಎಂದಿದ್ದಳು ಟೈಲರ್. "ಅವರು ನನ್ನ ಗುರುತು ಹಿಡೀತಾರೆ. ಗುರುತು ಹಿಡಿದ್ರೆ ಬಾಯಿ ಬಿಡಲ್ಲ."

ಅದಕ್ಕೇ ಚಿಕ್ಕಮ್ಮ ಒಬ್ಬರೇ, ನೋಯುವ ಮಂಡಿಯನ್ನು ಒಂದೊಂದೇ ಮೆಟ್ಟಿಲು ಹತ್ತಿಸಿಕೊಂಡು ಬಂದಿದ್ದರು.

"ಪುಟ್ಟ ಮಗುವಿನ ಫೋಟೋ ತೆಗೀಬೇಕು. ಯಾವುದು ಒಳ್ಳೇದು?" ಎಂದು ಕೇಳಿದರು.

ಫೋಟೋಗ್ರಾಫರ್ ಮುಖ ಅರಳಿತು. "ಮೊಮ್ಮಗುವಾ?"

"ಹಾಗೇ ಅಂದ್ಕೊಳ್ಳಿ."

"ಹಾಗಾದ್ರೆ ಕಣ್ಣು ಮುಚ್ಚಿಕೊಂಡು ದೊಡ್ಡದು ತಗೊಳ್ಳಿ. ಗೋಡೆ ನೋಡಿ. ಇದೆಲ್ಲಾ ಅದರದ್ದೇ."

ಗೋಡೆ ತುಂಬ ಮಕ್ಕಳು. ಆಕಳಿಸುವ ಮಗು, ಇನ್ನೇನು ಸೀನಲಿರುವ ಮಗು, ಯಾರದೋ ಎದೆಗೆ ಕೆನ್ನೆ ಒತ್ತಿ ಮಲಗಿದ ಮಗು. ಪ್ರತಿ ಚಿತ್ರದಲ್ಲೂ ಮುಖ ಮಾತ್ರ ಸ್ಪಷ್ಟ. ಕಿವಿಯಿಂದಾಚೆಗೆ ಎಲ್ಲವೂ ಕರಗಿದ ಬೆಣ್ಣೆ.

"ಮಂದ ಬೆಳಕಲ್ಲೂ ಇದು ಹೆದರಲ್ಲ," ಆಕೆ ದೊಡ್ಡದರ ತಲೆ ಸವರಿದಳು. "ಮಗು ಕೈಕಾಲು ಆಡಿಸ್ತಿದ್ರೂ ಟಪಕ್ಕನೆ ಹಿಡಿದುಬಿಡುತ್ತೆ, ಕಲ್ಲಲ್ಲಿ ಕೆತ್ತಿದ ಹಾಗೆ. ಫ್ಲ್ಯಾಶ್ ಬೇಡ, ಸದ್ದಿಲ್ಲ. ಒಂದೇ ತೊಂದರೆ, ನನ್ನ ಭುಜ. ಇನ್ನು ಇದನ್ನ ಎತ್ತಿದ್ರೆ ನನ್ನ ಹತ್ತಿರ ಬರಬೇಡಿ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ."

"ಚಿಕ್ಕದು?"

"ಅದು ಪಾಪದ್ದು." ಆಕೆಯ ದನಿ ತಗ್ಗಿತು. "ಒಳಗೆ ಬೆಳಕು ಹಿಡಿಯೋ ಸೆನ್ಸರು ಚಿಕ್ಕದಲ್ವಾ, ಬೆಳಕು ಕಡಿಮೆಯಾದ್ರೆ ತಡವರಿಸುತ್ತೆ. ಹಿಂದಿನದು ಮುಂದಿನದು ಎಲ್ಲಾನೂ ಒಂದೇ ಸಮ ತೋರಿಸಿಬಿಡುತ್ತೆ. ಅದಕ್ಕೆ ಏನನ್ನೂ ಮುಚ್ಚಿಡೋಕೆ ಬರಲ್ಲ."

"ಆದ್ರೂ ಅದನ್ನ ಕೊಡೋಕೆ ನಿಮಗೆ ಮನಸ್ಸು ಬರ್ತಿಲ್ಲ."

ಚಿಕ್ಕ ಕ್ಯಾಮೆರಾದ ಮೂಲೆಯಲ್ಲಿ ಕಪ್ಪು ಬಣ್ಣ ಹೋಗಿ ಲೋಹ ಹೊಳೆಯುತ್ತಿತ್ತು. ಹೆಬ್ಬೆರಳು ವರ್ಷಗಟ್ಟಲೆ ಕೂತು ಸವೆದ ಜಾಗ.

"ಗೋಡೆ ಮೇಲೆ ಇದರದ್ದು ಒಂದು ಚಿತ್ರಾನೂ ಇಲ್ವಲ್ಲಮ್ಮ," ಎಂದರು ಚಿಕ್ಕಮ್ಮ.

"ಇದರ ಚಿತ್ರಗಳು ಗೋಡೆಗಲ್ಲ."

"ಮತ್ತೆ ಲಕೋಟೆಗಾ?"

ಚಿಕ್ಕಮ್ಮ ಕೈಚೀಲದಿಂದ ಫೋಟೋ ತೆಗೆದು ಎರಡು ಕ್ಯಾಮೆರಾಗಳ ನಡುವೆ ಇಟ್ಟರು.

ಆಕೆ ಅದನ್ನು ಮುಟ್ಟಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಇದು ನನ್ನದಲ್ಲ. ನಾನು ಮಕ್ಕಳ ಫೋಟೋ ದೊಡ್ಡದರಲ್ಲಿ ಮಾತ್ರ ತೆಗೆಯೋದು. ಯಾರನ್ನ ಬೇಕಾದ್ರೂ ಕೇಳಿ."

"ಕಾಗಕ್ಕ ಗುಬ್ಬಕ್ಕನ ಕಥೆ ಬೇಡಮ್ಮ." ಚಿಕ್ಕಮ್ಮನ ದನಿಯಲ್ಲಿ ಗದರಿಕೆ ಇರಲಿಲ್ಲ. "ದೊಡ್ಡದರಲ್ಲಿ ತೆಗೆದಿದ್ರೆ ಈ ಮಗುವಿನ ಹಿಂದಿನ ಪರದೆ ಕರಗಿಹೋಗಿರಬೇಕಿತ್ತು. ಇಲ್ಲಿ ಪರದೆಯ ಹೊಲಿಗೆ ಎಣಿಸಬಹುದು. ಟವೆಲಿನ ಎಳೆ ಎಣಿಸಬಹುದು. ಆಚೆ ಬಾಗಿಲಿನ ಚಿಲಕ ಕೂಡ ಕಾಣುತ್ತೆ. ನಾನು ಇಪ್ಪತ್ತೆರಡು ವರ್ಷ ಇಂಥದ್ದೇ ಪುಟ್ಟ ಕ್ಯಾಮೆರಾದಲ್ಲಿ ಸುಟ್ಟ ಗೋಡೆ ಫೋಟೋ ತೆಗೆದವಳು. ಅದರ ಕಣ್ಣು ನನಗೆ ಗೊತ್ತು."

"ಅಂಥ ಕ್ಯಾಮೆರಾ ಊರಲ್ಲಿ ಸಾವಿರ ಇವೆ."

"ಇವೆ. ಆದ್ರೆ ಈ ಬಟ್ಟೆ?" ಚಿಕ್ಕಮ್ಮ ಬೂದು ಬಣ್ಣದ ದಪ್ಪ ಬಟ್ಟೆಯ ತುಂಡೊಂದನ್ನು ಬಿಚ್ಚಿ ಹರಡಿದರು. "ಫೋಟೋ ಮಡಚಿಹೋಗದ ಹಾಗೆ ಯಾರೋ ಪ್ರೀತಿಯಿಂದ ಇದರಲ್ಲಿ ಸುತ್ತಿ ಕಳಿಸಿದ್ರು. ನೋಡಿದ ತಕ್ಷಣ ಟೈಲರ್ ಹೇಳಿದಳು, ಇದು ನನ್ನ ಅಂಗಡಿಯ ಬಟ್ಟೆ ಅಂತ. ಮೂರು ವಾರದ ಹಿಂದೆ ಒಬ್ಬ ಗಿರಾಕಿ ಕ್ಯಾಮೆರಾಗೆ ಚೀಲ ಹೊಲಿಸೋಕೆ ಬಂದಿದ್ರಂತೆ. ಒಂದು ಗಂಟೆ ನಿಂತು ಎರಡು ಕ್ಯಾಮೆರಾಗೂ ಅಳತೆ ಕೊಟ್ರಂತೆ, ಆಮೇಲೆ ಚಿಕ್ಕದಕ್ಕೆ ಮಾತ್ರ ಸಾಕು ಅಂದ್ರಂತೆ. ಉಳಿದ ತುಂಡು ಗಿರಾಕಿಗೇ ಕೊಡೋದು ಅವಳ ರೂಢಿ. ದೊಡ್ಡದೋ ಚಿಕ್ಕದೋ ಒಂದನ್ನ ಮಾರಬೇಕು ಅಂತಾನೂ ಹೇಳಿದ್ರಂತೆ ಆ ಗಿರಾಕಿ." ಚಿಕ್ಕಮ್ಮ ಕಿಟಕಿಯ ಕಡೆ ತಲೆ ಆಡಿಸಿದರು. ಮೊಳೆಗೆ ನೇತುಹಾಕಿದ್ದ ಪುಟ್ಟ ಚೀಲದ ಬಾಯಿ ತೆರೆದಿತ್ತು. ಒಳಗೆ ಅದೇ ಬೂದು ಬಟ್ಟೆ.

ಆಕೆ ಚೀಲದತ್ತ ನೋಡಿ ತಲೆ ತಗ್ಗಿಸಿದಳು.

"ನಾನು ಪೊಲೀಸಲ್ಲ," ಎಂದರು ಚಿಕ್ಕಮ್ಮ. "ನಿಮ್ಮನ್ನ ಹೆದರಿಸೋಕೂ ಬಂದಿಲ್ಲ. ಒಬ್ಬ ತಾಯಿ ಒಂಬತ್ತು ದಿನದಿಂದ ಈ ಫೋಟೋನ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಿದ್ದಾಳೆ. ಇದು ನಿಜವಾಗ್ಲೂ ತನ್ನ ಮಗುವಾ, ಅಥವಾ ಯಾರಾದ್ರೂ ಆಟ ಆಡ್ತಿದ್ದಾರಾ ಅಂತ ಅವಳಿಗೆ ಗೊತ್ತಾಗಬೇಕು. ಅಷ್ಟೇ."

"ಆಟ ಅಲ್ಲ."

"ಮತ್ತೆ?"

ಉತ್ತರ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಬಾಗಿಲಲ್ಲಿ ಟೈಲರ್ ನಿಂತಿದ್ದಳು. ಕೆಳಗೆ ಕಾಯುವುದು ಅವಳ ಕೈಲಾಗಿರಲಿಲ್ಲ.

"ಅದು ನನ್ನ ಮಗೂನಾ?" ಎಂದಳು. ಅಷ್ಟೇ ಕೇಳಿದಳು.

ಫೋಟೋಗ್ರಾಫರ್ ಅವಳನ್ನು ನೋಡಿದಳು. ಅಷ್ಟು ಹೊತ್ತಿನಿಂದ ಹಿಡಿದುಕೊಂಡಿದ್ದ ಕುರ್ಚಿಯನ್ನು ಬಿಟ್ಟು, ಎರಡು ಹೆಜ್ಜೆ ಮುಂದೆ ಬಂದು ಟೈಲರ್‌ನ ಕೈ ಹಿಡಿದುಕೊಂಡಳು.

"ಹೌದು ತಾಯಿ. ನಿಮ್ಮದೇ."

ಚಿಕ್ಕಮ್ಮ ಎದ್ದು ಹೂಜಿಯಿಂದ ನೀರು ಬಗ್ಗಿಸಿ ಇಬ್ಬರ ಮುಂದೆಯೂ ಇಟ್ಟರು. ಟೈಲರ್ ಕುಡಿಯಲಿಲ್ಲ. ಫೋಟೋಗ್ರಾಫರ್ ಒಂದೇ ಗುಟುಕಿಗೆ ಕುಡಿದಳು.

"ಆಗ ಆ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ನಾನೇ ಫೋಟೋ ತೆಗೀತಿದ್ದೆ," ಎಂದಳು. "ಕೆಲವು ಸಲ ನರ್ಸು ಬಾಗಿಲಲ್ಲೇ ತಡೆದು, ಈ ಮಗು ಉಳೀಲಿಲ್ಲ, ಆದ್ರೂ ಒಂದು ತೆಗೆದುಕೊಡಿ, ತಾಯಿಗೆ ನೆನಪಿಗೆ ಅಂತಿದ್ರು. ಅಂಥ ಕೋಣೆಗೆ ದೊಡ್ಡ ಕ್ಯಾಮೆರಾ ತಗೊಂಡು ಹೋಗೋಕೆ ನನ್ನಿಂದ ಆಗ್ತಿರಲಿಲ್ಲ. ಯಾರ ಮೇಲೋ ಬಂದೂಕು ಹಿಡಿದ ಹಾಗಿರುತ್ತೆ. ದೊಡ್ಡದನ್ನ ಹೊರಗೇ ಬಿಟ್ಟು ಚಿಕ್ಕದನ್ನ ಅಂಗೈಲಿ ಮುಚ್ಚಿಕೊಂಡು ಹೋಗ್ತಿದ್ದೆ. ಅಳೋ ಮಕ್ಕಳಿಗೆ ದೊಡ್ಡದು. ಅಳದ ಮಕ್ಕಳಿಗೆ ಚಿಕ್ಕದು. ನನ್ನದೇ ಒಂದು ನೇಮ."

"ನನಗೆ ಯಾರೂ ಫೋಟೋ ಕೊಡಲಿಲ್ಲ," ಎಂದಳು ಟೈಲರ್.

"ನಾನು ಕೊಟ್ಟಿದ್ದೆ, ಮೂರನೇ ದಿನ, ನರ್ಸಿನ ಕೈಗೆ. ಅವಳು ವಾಪಸ್ ತಂದಳು. ತಾಯಿಗೆ ಬೇಡವಂತೆ, ನೋಡೋಕೂ ಇಷ್ಟ ಇಲ್ಲವಂತೆ ಅಂದಳು."

"ನನ್ನನ್ನ ಯಾರೂ ಕೇಳಲೇ ಇಲ್ಲ!"

"ಅದು ನನಗೆ ಗೊತ್ತಾಗಿದ್ದು ನಿಮ್ಮ ಅಂಗಡೀಲಿ." ಆಕೆ ಕಣ್ಣೊರೆಸಿಕೊಂಡಳು. "ಚೀಲದ ಪಟ್ಟಿಗೆ ನನ್ನ ಭುಜದ ಅಳತೆ ತಗೊಳ್ತಿದ್ರಿ. ಫೋಟೋದವರು ಅಂದ್ರೆ ನನಗೆ ಯಾಕೋ ಹೊಟ್ಟೆ ಉರಿಯುತ್ತೆ ಮೇಡಂ, ನನ್ನ ಮಗು ಮುಖ ನಾನೇ ನೋಡಿಲ್ಲ ಅಂದ್ರಿ. ಯಾವ ಆಸ್ಪತ್ರೆ ಅಂತ ಕೇಳ್ದೆ. ಯಾವತ್ತು ಅಂತ ಕೇಳ್ದೆ. ನೀವು ಟೇಪು ಹಿಡ್ಕೊಂಡೇ ತಾರೀಖು ಹೇಳಿದ್ರಿ. ಆ ತಾರೀಖನ್ನ ನಾನೇ ಕೈಯಾರೆ ಬರೆದಿಟ್ಟಿದ್ದೆ."

"ಅಲ್ಲೇ ಹೇಳಬಹುದಿತ್ತಲ್ಲ ಅಕ್ಕ."

"ಹೇಗೆ ಹೇಳಲಿ? ನಿಮ್ಮ ಮಗು ಆರು ವರ್ಷದಿಂದ ನನ್ನ ಡಬ್ಬೀಲಿದೆ ಅಂತಾನಾ? ಧೈರ್ಯ ಬರಲಿಲ್ಲ. ಕದ್ದವಳ ಹಾಗೆ ಅಂಚೆಗೆ ಹಾಕಿ ಓಡಿಬಂದೆ."

ಟೈಲರ್ ಫೋಟೋವನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಅವಳಿಗೆ ಕೋಪ ಬಂದಿದೆಯೇ ಎಂದು ಚಿಕ್ಕಮ್ಮ ಗಮನಿಸಿದರು. ಬಂದಿರಲಿಲ್ಲ. ಅವಳು ಬೇರೆಯೇ ಏನೋ ಯೋಚಿಸುತ್ತಿದ್ದಳು.

"ಮೂಗು ಇದರಪ್ಪಂದು," ಎಂದಳು ಮೆಲ್ಲಗೆ. "ನಮ್ಮ ಯಜಮಾನರಿಗೆ ತೋರಿಸಿದೆ. ದಿನವೆಲ್ಲ ತಮ್ಮ ಮೂಗು ಮುಟ್ಟಿಕೊಂಡು ಓಡಾಡಿದ್ರು." ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಉಳಿದಿಬ್ಬರಿಗೂ ಬಂತು.

ಚಿಕ್ಕಮ್ಮ ಮಾತ್ರ ಬೇಗ ನಗು ನಿಲ್ಲಿಸಿದರು. "ಡಬ್ಬಿ ಅಂದ್ರಿ. ಅವತ್ತು ಎಷ್ಟು ಚಿತ್ರ ತೆಗೆದ್ರಿ?"

"ಮೂರು. ಮೊದಲನೇದನ್ನ ಮಾತ್ರ ಪ್ರಿಂಟ್ ಹಾಕಿಸಿದ್ದು."

"ಉಳಿದ ಎರಡು?"

"ಇವೆ. ಆ ಕೋಣೆಗಳ ಚಿತ್ರಗಳನ್ನ ನಾನು ಅಳಿಸಲ್ಲ. ದೊಡ್ಡದು ಮಾಡಿ ನೋಡೋದೂ ಇಲ್ಲ. ಮೊದಲನೇದು ಸರಿಯಾಗಿ ಬಂದಿದ್ರೆ ಅಲ್ಲಿಗೇ ಮುಚ್ಚಿಡ್ತೀನಿ."

"ನಾನು ನೋಡಬೇಕು," ಎಂದಳು ಟೈಲರ್. "ಇನ್ನೂ ಎರಡು ಇದೆಯಾ? ನಾನು ನೋಡಬೇಕು ಅಕ್ಕ."

ಆಕೆ ಬೀರುವಿನಿಂದ ಅಂಗಿ ಗುಂಡಿ ಹಾಕಿಡುವ ಹಳೆಯ ಡಬ್ಬಿಯೊಂದನ್ನು ತಂದಳು. ಒಳಗೆ ಹತ್ತಾರು ಮೆಮೊರಿ ಕಾರ್ಡುಗಳು. ಒಂದೊಂದೂ ತೆಳು ಕಾಗದದಲ್ಲಿ ಸುತ್ತಿ, ಮೇಲೆ ತಾರೀಖು ಬರೆದಿದ್ದವು. ಬೇಕಾದದ್ದನ್ನು ಹುಡುಕಿ ಕಂಪ್ಯೂಟರಿಗೆ ಹಾಕಿದಳು. ಕಿಟಕಿಯ ಬಿಸಿಲು ಪರದೆಯ ಮೇಲೆ ಬೀಳುತ್ತಿತ್ತು. ಚಿಕ್ಕಮ್ಮ ಎದ್ದು ಕಿಟಕಿಯ ಬಾಗಿಲು ಎಳೆದರು.

ಮೊದಲನೆಯದು ಗೊತ್ತಿದ್ದದ್ದೇ. ಟವೆಲಿನಲ್ಲಿ ಸುತ್ತಿದ ಮಗು, ಮುಚ್ಚಿದ ಕಣ್ಣು, ಟವೆಲಿನ ಅಂಚಿನಿಂದ ಇಣುಕುವ ಪುಟ್ಟ ಬಲ ಮುಷ್ಟಿ.

ಎರಡನೆಯದು ಬಂದಾಗ ಆಕೆ ನಾಚಿಕೊಂಡಳು. "ಇದು ಕೆಟ್ಟಿದೆ. ಕೈ ಅಲುಗಿದೆ. ಪರದೆ ಎಳೆದ ಕೋಣೆ, ಕಣ್ಣಲ್ಲಿ ನೀರು ಬೇರೆ."

ಮುಷ್ಟಿ ಇದ್ದ ಜಾಗದಲ್ಲಿ ಮಸುಕಾದೊಂದು ಗೆರೆ ಮಾತ್ರ ಇತ್ತು, ಹಸಿ ಬಣ್ಣದ ಮೇಲೆ ಯಾರೋ ಬೆರಳು ಎಳೆದ ಹಾಗೆ.

ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿದರು. "ಟವೆಲು ತೋರಿಸಿ. ದೊಡ್ಡದು ಮಾಡಿ."

ಆಕೆ ದೊಡ್ಡದು ಮಾಡಿದಳು. ಟವೆಲಿನ ಎಳೆ ಎಳೆಯೂ ನಿಚ್ಚಳ.

"ಪರದೆ."

ಪರದೆಯ ಹೊಲಿಗೆಯೂ ನಿಚ್ಚಳ.

"ನಿಮ್ಮ ಕೈ ಅಲುಗಿದ್ರೆ ಎಲ್ಲಾನೂ ಅಲುಗಬೇಕಲ್ವಾ?"

ಫೋಟೋಗ್ರಾಫರ್ ಮೌಸ್ ಬಿಟ್ಟುಬಿಟ್ಟಳು. ಮೂವತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಪುಟ್ಟ ಕ್ಯಾಮೆರಾ, ಮಂದ ಬೆಳಕು. ಬೆಳಕು ಸಾಲದೆ ಅದರ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ತೆರೆದಿತ್ತು. ಅಷ್ಟು ಹೊತ್ತಿನಲ್ಲಿ ಅಲುಗದೆ ಇದ್ದದ್ದೆಲ್ಲ ಸ್ಪಷ್ಟವಾಗಿ ಮೂಡಿತ್ತು. ಅಲುಗಿದ್ದು ಮಾತ್ರ ಗೆರೆಯಾಗಿತ್ತು.

"ದೇವರೇ," ಎಂದಳು ಆಕೆ. "ದೇವರೇ, ನಾನು ನೋಡಲಿಲ್ಲ. ಚಿಕ್ಕ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡೋಕೆ ಜಾಗ ಇಲ್ಲ, ಹಿಂಬದಿಯ ಪುಟ್ಟ ಸ್ಕ್ರೀನು ಅಷ್ಟೇ. ಮಗುವನ್ನ ನೇರ ನೋಡೋಕೆ ಆಗದೆ ಎಲ್ಲೋ ನೋಡ್ತಾ ಬಟನ್ ಒತ್ತಿದೆ. ದೊಡ್ಡದನ್ನ ತಂದಿದ್ರೆ ಕಣ್ಣೊತ್ತಿ ನೋಡ್ತಿದ್ದೆ. ಗೊತ್ತಾಗ್ತಿತ್ತು. ಅಲ್ಲೇ ಕಿರುಚ್ತಿದ್ದೆ."

"ದೊಡ್ಡದನ್ನ ತಂದು, ಆಗಲೂ ನೀವು ಕಣ್ಣು ಆಚೆ ತಿರುಗಿಸಿದ್ದಿದ್ರೆ ಮುಷ್ಟಿ ಕಲ್ಲಲ್ಲಿ ಕೆತ್ತಿದ ಹಾಗೆ ಬರ್ತಿತ್ತು," ಎಂದರು ಚಿಕ್ಕಮ್ಮ. "ಆಗ ಇವತ್ತೂ ಯಾರಿಗೂ ಏನೂ ಗೊತ್ತಾಗ್ತಿರಲಿಲ್ಲ. ನಿಮ್ಮನ್ನ ನೀವು ಬೈದುಕೊಳ್ಳಬೇಡಿ."

ಇಬ್ಬರೂ ಒಟ್ಟಿಗೇ ಟೈಲರ್ ಕಡೆ ತಿರುಗಿದರು. ಅವಳು ಪರದೆಯ ಮೇಲಿನ ಮಸುಕು ಗೆರೆಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು.

"ಕೈ ಆಡಿಸಿದೆ," ಎಂದಳು. "ಅಲ್ವಾ ಚಿಕ್ಕಮ್ಮ? ಕೈ ಆಡಿಸಿದೆ."

"ಹೌದು ಮಗಳೇ."

"ಬೇರೆ ಯಾರಾದ್ರೂ ಟವೆಲು ಎಳೆದು ಅಲುಗಿಸಿರಬಹುದಾ?" ಆಸೆಗೆ ಹೆದರಿದವಳ ಹಾಗೆ ಅವಳೇ ಕೇಳಿದಳು.

"ಟವೆಲು ಕದಲಿಲ್ಲ."

ಟೈಲರ್ ಮೆಲ್ಲಗೆ ಸ್ಟೂಲಿನ ಮೇಲೆ ಕೂತಳು. ಅವಳು ಕಿರುಚುತ್ತಾಳೆ, ಇಲ್ಲವೇ ಬಿದ್ದುಹೋಗುತ್ತಾಳೆ ಎಂದು ಚಿಕ್ಕಮ್ಮ ತೋಳು ಹಿಡಿಯಲು ಸಿದ್ಧರಾಗಿದ್ದರು. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು.

"ಹಾಗಾದ್ರೆ ಈಗ ಒಂದನೇ ಕ್ಲಾಸು," ಎಂದಳು. "ಇಷ್ಟು ಎತ್ತರ ಇರುತ್ತೆ." ಕೂತಲ್ಲೇ ಕೈಯನ್ನು ನೆಲದಿಂದ ಮೇಲೆ, ತನ್ನ ಭುಜದ ಹತ್ತಿರ ಹಿಡಿದು ತೋರಿಸಿದಳು. "ಆ ವಯಸ್ಸಿನ ಮಕ್ಕಳಿಗೆ ಎಷ್ಟು ಫ್ರಾಕು ಹೊಲಿದಿದ್ದೀನಿ ಗೊತ್ತಾ ಚಿಕ್ಕಮ್ಮ? ಉದ್ದ ಇಪ್ಪತ್ತೆರಡು ಇಂಚು. ತೋಳು ಐದು. ಅಂಗಡಿಗೆ ಬಂದ ಮಕ್ಕಳಲ್ಲಿ ಒಂದು..."

ಚಿಕ್ಕಮ್ಮ ಅವಳ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದುಕೊಂಡರು. ವಿಮಾ ಕಂಪನಿಯಲ್ಲಿ ಅವರು ಕಲಿತ ಪಾಠ ಒಂದೇ. ಸಾಕ್ಷಿ ಸಿಕ್ಕ ಖುಷಿಯಲ್ಲಿ ಮುಂದಿನ ಸಾಕ್ಷಿ ನೋಡುವುದನ್ನು ಮರೆಯಬಾರದು. ಅವರು ಫೋಟೋಗ್ರಾಫರ್ ಕಡೆ ನೋಡಿ ಕಣ್ಣಲ್ಲೇ ಸನ್ನೆ ಮಾಡಿದರು. ಮೂರನೆಯದು.

ಮೂರನೆಯ ಚಿತ್ರ ತೆರೆಯಿತು.

ಮುಷ್ಟಿ ಈಗ ಗೆರೆಯಾಗಿರಲಿಲ್ಲ. ಸ್ಪಷ್ಟವಾಗಿತ್ತು. ಚಿತ್ರದ ಅಂಚಿನಿಂದ ದೊಡ್ಡವರ ತೋರುಬೆರಳೊಂದು ಒಳಗೆ ಚಾಚಿತ್ತು. ಮಗು ಐದೂ ಬೆರಳಿಂದ ಆ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

"ಇದು ನಿಮ್ಮ ಬೆರಳಾ?" ಚಿಕ್ಕಮ್ಮ ಕೇಳಿದರು.

"ಅಲ್ಲ. ನನ್ನ ಎರಡೂ ಕೈ ಕ್ಯಾಮೆರಾ ಮೇಲಿತ್ತು."

"ನರ್ಸು?"

"ನರ್ಸು ಬಾಗಿಲ ಹತ್ತಿರ ನಿಂತಿದ್ದಳು. ಒಳಗೆ ಒಬ್ಬರು ಹೆಂಗಸಿದ್ರು. ತಲೆ ಮೇಲೆ ಸೆರಗು, ಅಳ್ತಿದ್ರು. ಮನೆಯವರು ಅಂದ್ಕೊಂಡೆ. ಟವೆಲು ಸರಿಮಾಡೋಕೆ ಅಂತ ಕೈ ಚಾಚಿದ್ರು, ಅಷ್ಟರಲ್ಲಿ ನಾನು ಬಟನ್ ಒತ್ತಿಬಿಟ್ಟಿದ್ದೆ. ಆಮೇಲೆ ಅವರು ಏನೂ ಹೇಳಲಿಲ್ಲ. ಸಾಕು, ಹೋಗಿ ಅಂದ್ರು, ಅಷ್ಟೇ."

ಮಗು ಬದುಕಿದೆ ಎಂದು ಆ ಬೆರಳಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಸುಮ್ಮನಿತ್ತು.

"ಹೆರಿಗೆ ದಿನ ಆಸ್ಪತ್ರೇಲಿ ಮನೆಯವರು ಯಾರೂ ಇರಲಿಲ್ಲ ಅಂತ ಹೇಳಿದ್ದೆಯಲ್ಲಮ್ಮ ನೀನು," ಎಂದು ಟೈಲರ್ ಕಡೆ ತಿರುಗಿದರು.

ಟೈಲರ್ ಕಣ್ಣೊರೆಸಿಕೊಂಡು ಪರದೆಗೆ ಮುಖ ತಂದಳು. ಚಿಕ್ಕ ಕ್ಯಾಮೆರಾ ಇಲ್ಲಿಯೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಬೆರಳಿನ ಚರ್ಮದ ಮಡಿಕೆ ಕಾಣುತ್ತಿತ್ತು. ಉಗುರು ಕಾಣುತ್ತಿತ್ತು. ಆ ಉಗುರು ನಟ್ಟನಡುವೆ ಸೀಳಿ, ಎರಡು ಹೋಳಾಗಿ ಬೆಳೆದಿತ್ತು.

"ಹೊಲಿಗೆ ಮೆಷಿನ್ನಿನ ಸೂಜಿ ಒಳಗೆ ಹೊಕ್ಕು ಈಚೆ ಬಂದ್ರೆ ಉಗುರು ಹೀಗೇ ಬೆಳೆಯೋದು," ಎಂದಳು. ಅವಳ ದನಿಯಲ್ಲಿ ಅಳು ಒಣಗಿಹೋಗಿತ್ತು.

"ಯಾರದು, ಗೊತ್ತಾ?"

"ಸೂಜಿಗೆ ದಾರ ಪೋಣಿಸೋದು ನನಗೆ ಕಲಿಸಿದ್ದು ಈ ಬೆರಳೇ ಚಿಕ್ಕಮ್ಮ." ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. "ನಮ್ಮಕ್ಕಂದು. ಹೆರಿಗೆಯಾಗಿ ಎರಡು ದಿನ ಆದಮೇಲೆ ಬಂದು, ಸುದ್ದಿ ತಿಳಿದು ಈಗಷ್ಟೇ ಊರಿಂದ ಬಂದೆ ಅಂತ ನನ್ನನ್ನ ತಬ್ಬಿಕೊಂಡು ಅತ್ತಿದ್ದಳು."

"ಈಗ ಎಲ್ಲಿದ್ದಾಳೆ?"

"ನನ್ನ ಅಂಗಡೀಲಿ. ನಾನು ಬರೋವರೆಗೂ ನೋಡಿಕೋ ಅಂತ ಕೂರಿಸಿ ಬಂದಿದ್ದೀನಿ." ಟೈಲರ್ ನಿಧಾನಕ್ಕೆ ಚಿಕ್ಕಮ್ಮನ ಕಡೆ ತಿರುಗಿದಳು. "ನಾವು ಈ ಫೋಟೋ ಹಿಡ್ಕೊಂಡು ಯಾರನ್ನ ನೋಡೋಕೆ ಹೊರಟಿದ್ದೀವಿ ಅಂತ ಎಲ್ಲಾ ಹೇಳಿಯೇ ಬಂದಿದ್ದೀನಿ."